ಮೀನು ಕಟ್ಟೆ ಮತ್ತು ಅದರ ಚರಂಡಿಗಾಗಿ ಗ್ರಾಮಸ್ಥರ ಮನವಿ

ಇವರಿಗೆ,
ಅಧ್ಯಕ್ಷರು, ಸದಸ್ಯರು ಮತ್ತು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯತಿ ಕಾರ್ಯಾಲಯ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ.

ಇವರಿಂದ,
ಮಸೀದಿ ಬೀದಿ, ಹಳ್ಳದ ಕೇರಿ ಮತ್ತು ಎಸ್ಟೇಟ್ ಲೈನಿನ (ತೋಟದ ಕಾರ್ಮಿಕರ ಸಾಲುಮನೆಗಳ) ನಿವಾಸಿಗಳು.

ವಿಷಯ: ಬಸ್ ತಂಗುದಾಣದ ಪಕ್ಕದ ಮೋರಿಯ ಮೇಲೆ ನಡೆಯುವ ಮೀನು ವ್ಯಾಪಾರಕ್ಕೆ ಚರಂಡಿ ಸಮೇತ ಕಟ್ಟೆ ಕಟ್ಟಿಸಿ, ಆಗಸ್ಟ್ 1ರೊಳಗೆ ಬಳಕೆಗೆ ಬಿಟ್ಟುಕೊಡುವ ಬಗ್ಗೆ.

ಮಾನ್ಯರೇ,

ನಮ್ಮದು ಘಟ್ಟದ ಮೇಲಿನ ಊರಾದರೂ ಅಡುಗೆಮನೆ ಕರಾವಳಿಯದು. ತೋಟದ ಕೆಲಸಕ್ಕೆ, ವ್ಯಾಪಾರಕ್ಕೆ ಎಂದು ಉಳ್ಳಾಲ, ಬೆಳ್ತಂಗಡಿ ಕಡೆಯಿಂದ ಘಟ್ಟ ಹತ್ತಿ ಬಂದ ಬ್ಯಾರಿ ಮುಸ್ಲಿಮರ ಮನೆಗಳೇ ಇಲ್ಲಿ ಹೆಚ್ಚು. ಮನೆಯೊಳಗೆ ಬ್ಯಾರಿ, ಕಚೇರಿಯಲ್ಲಿ ಕನ್ನಡ, ಮೀನಿನ ಚೌಕಾಸಿ ಮಾತ್ರ ತುಳುವಿನಲ್ಲಿ. ಮಂಗಳೂರಿನ ಮೀನುಗಾರಿಕೆ ದಕ್ಕೆಯಲ್ಲಿ (ಬಂದರಿನಲ್ಲಿ) ನಸುಕಿಗೆ ತುಂಬಿದ ಮೀನು ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರ ದಾಟಿ ನಮ್ಮಲ್ಲಿಗೆ ಬರುತ್ತದೆ. ಲೈನಿನವರು, ಗೌಡರ ಕೇರಿಯವರು ಎಲ್ಲರೂ ಗಿರಾಕಿಗಳೇ.

ಮೋರಿಯ ಮೇಲಿನ ಮೀನು ವ್ಯಾಪಾರದ ವಾಸನೆಯ ಬಗ್ಗೆ ದೂರು ಬಂದಿರುವುದು ಸರಿಯಾಗಿಯೇ ಇದೆ. ದೂರಿದವರಲ್ಲಿ ನಾವೂ ಇದ್ದೇವೆ. ಆದರೆ ಮಾರುವವರನ್ನು ಎತ್ತಂಗಡಿ ಮಾಡುವುದು ಇದಕ್ಕೆ ಪರಿಹಾರವಲ್ಲ. ಇಲ್ಲಿಂದ ಎಬ್ಬಿಸಿದರೆ ಮುಂದಿನ ತಿರುವಿನಲ್ಲಿ ಗಾಡಿ ನಿಲ್ಲಿಸುತ್ತಾರೆ, ಅಲ್ಲಿಯೂ ಚರಂಡಿ ಇಲ್ಲ. ತೊಂದರೆ ಇರುವುದು ನೀರಿನಲ್ಲಿ. ಪೆಟ್ಟಿಗೆಯ ಐಸ್ ಕರಗಿದ ನೀರು, ಮೀನು ತೊಳೆದ ನೀರು, ಹುರುಪೆ, ಕರುಳು ಎಲ್ಲ ಟಾರ್ ಮೇಲೆ ಹರಿದು ಮೋರಿಯ ಬಾಯಿಗೆ ಬೀಳುತ್ತವೆ. ಅಲ್ಲಿ ಸಿಲ್ವರ್ ಓಕಿನ ಎಲೆ ಕಟ್ಟಿಕೊಂಡಿರುವುದರಿಂದ ಮುಂದೆ ಹೋಗದೆ ಕೊಳೆಯುತ್ತವೆ. ಜೋರು ಮಳೆ ಬಂದಾಗ ಅಷ್ಟೂ ಒಟ್ಟಿಗೆ ಕೊಚ್ಚಿಕೊಂಡು ಮಸೀದಿಯ ಬಾವಿಯ ಪಕ್ಕದ ಹಳ್ಳಕ್ಕೆ ಇಳಿಯುತ್ತದೆ. ಕೆಳಗಿನ ಗದ್ದೆಯವರು ಕಾಲಿಡುವುದು ಅದೇ ನೀರಿಗೆ.

ಪೌರಕಾರ್ಮಿಕರು ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಉದುರಿಸಿ ಹೋಗುತ್ತಾರೆ. ಅವರ ಶ್ರಮಕ್ಕೆ ಗೌರವವಿದೆ, ಪುಡಿ ಮಾತ್ರ ದಂಡ. ಕರುಳು, ರಕ್ತ, ಜಿಡ್ಡು ಇರುವ ಕಡೆ ಪುಡಿಯ ಶಕ್ತಿಯೆಲ್ಲ ಅದರ ಮೇಲೆಯೇ ಖರ್ಚಾಗಿ ಹೋಗುತ್ತದೆ. ಮೊದಲು ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಆಮೇಲೆ 10 ಲೀಟರ್ ನೀರಿಗೆ ಸುಮಾರು 6 ಗ್ರಾಂ, ಎಂದರೆ ಮೇಲೆದ್ದು ತುಂಬಿದ ಒಂದು ಚಹಾ ಚಮಚ, ಹೊಸ ಪುಡಿ ಕದಡಿ ಹರಡಿ ಹತ್ತು ನಿಮಿಷ ಬಿಡಬೇಕು. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ನಮ್ಮ ಮಳೆಗಾಲದ ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬ ಒದಗಿಸಬೇಕು.

ತಂಗುದಾಣದಿಂದ ಮೇಲೆ, ಹಳೆಯ ಹಾಲಿನ ಡೇರಿಯ ಹಿಂದಿರುವ ಪಂಚಾಯತಿ ಜಾಗ ಕಟ್ಟೆಗೆ ಹೊಂದುತ್ತದೆ. ಬಾವಿಗೂ ಹಳ್ಳಕ್ಕೂ 30 ಮೀಟರಿಗಿಂತ ಹೆಚ್ಚು ದೂರವಿದೆ, ಪಿಕಪ್ ತಿರುಗಿಸಲು ಸ್ಥಳವಿದೆ. 20 ಅಡಿ ಉದ್ದ, 12 ಅಡಿ ಅಗಲ ಸಾಕು. ನಾಲ್ಕು ಜನ ಕೂತು ಮಾರಬಹುದು. ನೆಲಕ್ಕೆ ಟೈಲ್ಸ್ ಬೇಡ, ಹುರುಪೆ ಮತ್ತು ಜಿಡ್ಡು ಬಿದ್ದರೆ ಕಾಲು ನಿಲ್ಲುವುದಿಲ್ಲ. ಒರಟು ಗಾರೆ ಇರಲಿ. 12 ಅಡಿ ಅಗಲಕ್ಕೆ 3 ಇಂಚು ಇಳಿಜಾರು ಕೊಡಬೇಕು. ಇಳಿಜಾರು ಕಡಿಮೆಯಾದರೆ ನೀರು ನಿಂತು ನೊಣ ಏಳುತ್ತದೆ. ಮೀನಿಡುವ ಕಲ್ಲು ಎರಡೂವರೆ ಅಡಿ ಎತ್ತರದಲ್ಲಿದ್ದು ಚರಂಡಿಯ ಕಡೆಗೆ ಬಾಗಿರಬೇಕು. ನಮ್ಮಲ್ಲಿ ಮಳೆ ನೇರವಾಗಿ ಬೀಳುವುದಿಲ್ಲವೆಂದು ತಮಗೆ ಹೇಳಬೇಕಿಲ್ಲ. ಪಡುವಣಕ್ಕೆ ಪೂರ್ತಿ ಗೋಡೆ, ಉಳಿದ ಕಡೆ 3 ಅಡಿ ಹೊರಚಾಚಿದ ಸೂರು ಇಲ್ಲದಿದ್ದರೆ ಎರಚಲಿಗೆ ಯಾರೂ ಒಳಗೆ ನಿಲ್ಲಲಾರರು.

ಇಂಜಿನಿಯರರು ಮುಖ್ಯವಾಗಿ ನೋಡಬೇಕಾದ್ದು ಚರಂಡಿ. ಅದರ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಕಿ ಮುಚ್ಚಬಾರದು. ಒಳಗೆ ಹುರುಪೆ ಮೆತ್ತಿಕೊಂಡರೆ ತೆಗೆಯುವವರಿಲ್ಲ. ಎತ್ತಿಡಬಹುದಾದ ಕಬ್ಬಿಣದ ಜಾಲರಿ ಬೇಕು. ಚರಂಡಿಯ ಕೊನೆಯಲ್ಲಿ ಸಣ್ಣ ಕಣ್ಣಿನ ಸ್ಟೀಲ್ ಬುಟ್ಟಿ, ಅದರಾಚೆ 2 ಅಡಿ ಆಳದ ಎರಡು ಕೋಣೆಯ ತೊಟ್ಟಿ. ತೊಟ್ಟಿಯಿಂದ ಹೊರಡುವ ಪೈಪಿಗೆ ಟೀ (T ಆಕಾರದ ಪೈಪು ಜೋಡಣೆ) ಹಾಕಿ, ಅದರ ಕೆಳಬಾಯಿ ನೀರಿನಲ್ಲಿ ಅರ್ಧ ಅಡಿ ಮುಳುಗಿರುವಂತೆ ಮಾಡಬೇಕು. ಆಗ ತೇಲುವ ಜಿಡ್ಡು ಒಳಗೇ ಉಳಿಯುತ್ತದೆ. ಮಳೆಗಾಲ ಕಳೆದ ಮೇಲಿನ ಬೂತಾಯಿ ಮೀನಿಗೆ ಎಣ್ಣೆ ಜಾಸ್ತಿ. ಟೀ ಇಲ್ಲದಿದ್ದರೆ ಆ ಎಣ್ಣೆಯೇ ಮುಂದಿನ ಇಂಗುಕಾಲುವೆಯ ಜಲ್ಲಿಯನ್ನು ಕಟ್ಟಿಸಿಬಿಡುತ್ತದೆ.

ತೊಟ್ಟಿಯಾಚೆಗೆ ಎಂದಿನ ಇಂಗುಗುಂಡಿ ತೋಡಿಸಬೇಡಿ. ಬಯಲುಸೀಮೆಯಲ್ಲಿ ನಡೆಯುವ ಗುಂಡಿ ಇಲ್ಲಿ ಜುಲೈ ಹೊತ್ತಿಗೆ ತಾನೇ ಒರತೆಯಾಗುತ್ತದೆ. ಆಳದ ಬದಲು ಉದ್ದ ಬೇಕು: 2 ಅಡಿ ಆಳ, 2 ಅಡಿ ಅಗಲದ ಕಾಲುವೆಯನ್ನು ಇಳಿಜಾರಿಗೆ ಅಡ್ಡವಾಗಿ, ಮಟ್ಟ ಹಿಡಿದು 30 ಅಡಿ ತೋಡಿ 40 ಎಂಎಂ ಜಲ್ಲಿ ತುಂಬಿ, ಕೆಳಬದಿಗೆ ಬಾಳೆ ಮತ್ತು ಕಾಬಾಳೆ ಹೂಗಿಡ ನೆಡಬೇಕು. ಮೇಲಿನ ತೋಟದ ಮಳೆನೀರು ಅದಕ್ಕೆ ನುಗ್ಗದಂತೆ ಒಂದು ಅಡ್ಡಗಾಲುವೆಯೂ ಬೇಕು.

ಆಗಸ್ಟ್ 1ರ ಗಡುವು ಸುಮ್ಮನೆ ಹಾಕಿದ್ದಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನಗಳ ನಿಷೇಧವಿರುವುದರಿಂದ ಆಗ ಇಲ್ಲಿಗೆ ಮೀನು ಬರುವುದೇ ಕಡಿಮೆ, ಜನ ಒಣಮೀನಿನಲ್ಲಿ ದಿನ ದೂಡುತ್ತಾರೆ. ದೋಣಿಗಳು ಕಡಲಿಗಿಳಿದು ಮೀನು ಒಮ್ಮೆಗೇ ಬರತೊಡಗುವ ಆಗಸ್ಟಿನಲ್ಲಿ ನಮ್ಮ ನೆಲ ನೀರು ಕುಡಿದು ತುಂಬಿರುತ್ತದೆ. ವರ್ಷದಲ್ಲೇ ಕೆಟ್ಟ ತಿಂಗಳು ಅದು. ಗಾರೆ ಮತ್ತು ಕಾಲುವೆಯ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು, ಮಳೆ ಹಿಡಿದ ಮೇಲೆ ಅಗೆದರೆ ಅಂಚು ಕುಸಿಯುತ್ತದೆ. 2019ರ ಆಗಸ್ಟಿನಂತೆ ಚಾರ್ಮಾಡಿ ಕುಸಿದರೆ ಗಾಡಿಗಳು ಶಿರಾಡಿ, ಸಕಲೇಶಪುರ ಸುತ್ತಿ ಬರಬೇಕು. ಐಸ್ ದಾರಿಯಲ್ಲೇ ಮುಗಿಯುತ್ತದೆ. ಬೂತಾಯಿ, ಬಂಗುಡೆ ತಂಪು ತಪ್ಪಿದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬೆಳೆಯುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ ತುರಿಕೆ ಏಳುತ್ತದೆ. ಆದ್ದರಿಂದ ಕಿಲೋ ಮೀನಿಗೆ ಕಿಲೋ ಪುಡಿ ಐಸ್ ಎಂಬುದನ್ನು ಮಾರಾಟದ ಷರತ್ತಾಗಿಸಬೇಕು. ರಂಜಾನಿನಲ್ಲಿ ಗಿರಾಕಿ ಬರುವುದು ಇಳಿಹೊತ್ತಿನ ಅಸರ್ ನಮಾಜ್ ಆದ ಮೇಲೆ. ಅಲ್ಲಿಯವರೆಗೆ ಪೆಟ್ಟಿಗೆ ಬಿಸಿಲಿನಲ್ಲಿ ಕಾಯುವಂತಾಗಬಾರದು.

ಒಣಮೀನಿಗೆ ಗೋಡೆಯ ಮೇಲೆ ಒಂದು ಮುಚ್ಚಿದ ಕಪಾಟು ಕೊಟ್ಟರೆ ಸಾಕು. ಉಪ್ಪು ಮಳೆಗಾಲದ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಗೋಣಿಯಲ್ಲಿಟ್ಟ ಒಣಮೀನು ಒದ್ದೆಯಾಗಿ ಕೆಂಪು ಹಿಡಿಯುತ್ತದೆ.

ಕರುಳು, ಕಿವಿರುಗಳನ್ನು ಕಸದ ಗಾಡಿಗೆ ಹಾಕಬೇಕಿಲ್ಲ. ಒಣ ಕಾಫಿ ಹೊಟ್ಟು ಊರಿನಲ್ಲಿ ಬೇಕಾದಷ್ಟಿದೆ. ಒಂದು ಬುಟ್ಟಿ ಮೀನಿನ ಕಸಕ್ಕೆ ಮೂರು ಬುಟ್ಟಿ ಹೊಟ್ಟನ್ನು ಗೊಬ್ಬರದ ತೊಟ್ಟಿಯಲ್ಲಿ ಬೆರೆಸಿ, ಮೇಲೆ ಅರ್ಧ ಅಡಿ ಹೊಟ್ಟು ಮುಚ್ಚಿದರೆ ವಾಸನೆ ಏಳುವುದಿಲ್ಲ. ನಾಯಿ, ಹಂದಿ ಕೆದಕದಂತೆ ಬಲವಾದ ಜಾಲರಿಯ ಮುಚ್ಚಳ ಬೇಕು. ಹೊಟ್ಟಿನ ಬದಲು ಹಸಿ ಕಾಫಿ ಸಿಪ್ಪೆ ಹಾಕಿದರೆ ಒಳಗೆ ಗಾಳಿಯಾಡದೆ ಎಲ್ಲ ಕೊಳೆತು ನಾರುತ್ತದೆ. ಗೊಬ್ಬರಕ್ಕೆ ಅಡಿಕೆ ತೋಟದವರು ಈಗಲೇ ಕೇಳುತ್ತಿದ್ದಾರೆ.

ಇನ್ನೊಂದು ವಿಷಯ, ಸ್ವಲ್ಪ ಖಡಕ್ಕಾಗಿಯೇ ಹೇಳುತ್ತೇವೆ. ಕಟ್ಟೆಯನ್ನು ಹರಾಜಿನಲ್ಲಿ ಒಬ್ಬರಿಗೇ ಕೊಡಬೇಡಿ. ಒಬ್ಬರ ಕೈಗೆ ಹೋದರೆ ಹರಾಜಿನ ಹಣವೂ ಬಂಗುಡೆಯ ದರಕ್ಕೆ ಸೇರುತ್ತದೆ. ಬೈಕಿನಲ್ಲಿ ಮಾರುವವರು ಮತ್ತೆ ರಸ್ತೆಗೇ ಹೋಗುತ್ತಾರೆ, ಕಟ್ಟೆ ಕಟ್ಟಿಸಿದ್ದೇ ವ್ಯರ್ಥ. ನಾಲ್ಕು ಜಾಗಕ್ಕೂ ಬೇರೆ ಬೇರೆ ದಿನವಹಿ ಶುಲ್ಕ ಇರಲಿ. ಬುಟ್ಟಿ ಖಾಲಿ ಮಾಡದೆ, ನೆಲ ತೊಳೆಯದೆ ಹೋದವರ ಠೇವಣಿಯಿಂದ ಹಣ ಕಳೆಯಿರಿ. ಐಸ್ ನೀರು ಸೋರಿಸಿಕೊಂಡು ಬರುವ ಪಿಕಪ್‌ಗೆ ಜಾಗವನ್ನೇ ಕೊಡಬೇಡಿ.

ನಲ್ಲಿ ಸಂಪರ್ಕ ಕುಡಿಯುವ ನೀರಿನ ಲೈನಿನಿಂದಲೇ ಆಗಬೇಕು, ಜೊತೆಗೆ 1000 ಲೀಟರಿನ ಟ್ಯಾಂಕ್. ಚರಂಡಿ ಮತ್ತು ತೊಟ್ಟಿಯ ವೆಚ್ಚವನ್ನು ಹಣಕಾಸು ಆಯೋಗದ ಅನುದಾನದಲ್ಲಿ ನೈರ್ಮಲ್ಯಕ್ಕಿರುವ ಭಾಗದಿಂದ ಭರಿಸಲು ಕ್ರಿಯಾಯೋಜನೆಗೆ ಸೇರಿಸಬೇಕೆಂದು ಕೋರುತ್ತೇವೆ. ಬಾಳೆ ನೆಡುವುದು, ಗೊಬ್ಬರದ ತೊಟ್ಟಿಗೆ ಹೊಟ್ಟು ಒದಗಿಸುವುದು ನಮ್ಮ ಪಾಲು. ಸ್ಥಳ ಪರಿಶೀಲನೆಗೆ ಬರುವುದಾದರೆ ಬೆಳಿಗ್ಗೆ 9ರ ಹೊತ್ತಿಗೆ, ಮೀನಿನ ಗಾಡಿ ನಿಂತಿರುವಾಗಲೇ ಬನ್ನಿ. ಮಧ್ಯಾಹ್ನ ಬಂದರೆ ಒಣಗಿದ ರಸ್ತೆ ಮಾತ್ರ ಕಾಣುತ್ತದೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ಗ್ರಾಮಸ್ಥರು

ಲಗತ್ತು: ಜಾಗದ ಕೈನಕ್ಷೆ, ಸಹಿ ಪಟ್ಟಿ