ಕಲ್ಲಿನ ನಾಯಕನೂ ಅವನ ಓದುಗರೂ

ಪ್ರಿಯ ಕಿರಿಯ ಮಿತ್ರರೇ,

ನಿಮ್ಮ ಕಾದಂಬರಿಗೆ ಬಂದ ಪ್ರತಿಕ್ರಿಯೆಗಳನ್ನೆಲ್ಲ ಕಳಿಸಿ, ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಕೇಳಿದ್ದೀರಿ. ಹಗಲೆಲ್ಲ ಕೆಥೀಡ್ರಲ್‌ನ ಸೂರಿನಂಚಿನಲ್ಲಿ ಕಲ್ಲಾಗಿ ಕುಳಿತು ಇರುಳಿನಲ್ಲಿ ಜೀವ ತಳೆಯುವ ಗಾರ್ಗಾಯ್ಲ್ (ಕಟ್ಟಡದ ಅಂಚಿನ ವಿಕಾರರೂಪದ ಕಲ್ಲುಮೂರ್ತಿ) ಒಬ್ಬನನ್ನು, ಅದೇ ಕಟ್ಟಡದ ಜೀರ್ಣೋದ್ಧಾರಕ್ಕೆ ಬಂದ ಯುವತಿ ಪ್ರೀತಿಸುವ ಈ ಕಥೆಯನ್ನು ಕೆಲವರು ಒಂದೇ ಪಟ್ಟಿಗೆ ಓದಿ ಮುಗಿಸಿದ್ದಾರೆ, ಕೆಲವರು ಅರ್ಧಕ್ಕೇ ಕೈಬಿಟ್ಟಿದ್ದಾರೆ. ಇದರಲ್ಲಿ ಆಶ್ಚರ್ಯವೇನಿಲ್ಲ. ರೊಮ್ಯಾನ್ಸ್ ಓದುವವರಿಗೆ ಪ್ರೇಮವೇ ಕಥೆಯ ಕೇಂದ್ರವಾಗಿರಬೇಕು, ಕೊನೆಗೆ ಇಬ್ಬರೂ ಒಂದಾಗಬೇಕು. ಅರ್ಬನ್ ಫ್ಯಾಂಟಸಿಯ ಓದುಗರಿಗೆ ನಗರದೊಳಗೆ ಅಡಗಿರುವ ಇನ್ನೊಂದು ಲೋಕ, ಅದರ ಕಟ್ಟುಪಾಡು, ಅದನ್ನು ಮುರಿದವರು ತೆರುವ ದಂಡ ಮುಖ್ಯ. ನಿಮ್ಮ ಪೂರ್ವಾರ್ಧ ಈ ಎರಡನೆಯವರಿಗೂ ಉತ್ತರಾರ್ಧ ಮೊದಲನೆಯವರಿಗೂ ಒಲಿದಿದೆ. ಆದ್ದರಿಂದ ಯಾವ ಮಾತನ್ನಾದರೂ ತೂಗಿ ನೋಡುವ ಮುನ್ನ, ಅದನ್ನಾಡಿದವರು ಏನನ್ನು ಬಯಸಿ ಪುಸ್ತಕ ತೆರೆದಿದ್ದರೆಂದು ಊಹಿಸಿಕೊಳ್ಳಿ.

ಓದುಗರು ಎಡವಿದ ಜಾಗವನ್ನು ನಂಬಿ; ಎಡವಿದ್ದಕ್ಕೆ ಅವರು ಕೊಡುವ ಕಾರಣವನ್ನು ಮಾತ್ರ ಪರೀಕ್ಷಿಸದೆ ಒಪ್ಪಬೇಡಿ. ಸೇತುವೆಯ ಪ್ರಸಂಗದಲ್ಲಿ ಬೆಳಕು ಹರಿದರೂ ಅವನೇಕೆ ಕಲ್ಲಾಗಲಿಲ್ಲ ಎಂದು ಹಲವರು ಕೇಳಿದ್ದಾರೆ. ಅದಕ್ಕೆ ಉತ್ತರವಾಗಿ ಮೋಡ, ಮಂತ್ರ, ತಾಯಿತ ಎಂದೆಲ್ಲ ವಿವರಣೆಯ ಒಂದು ಪ್ಯಾರಾ ಸೇರಿಸಲು ಹೊರಟಿದ್ದೀರಿ. ದಯವಿಟ್ಟು ಸೇರಿಸಬೇಡಿ. ಅಲ್ಲಿಯವರೆಗೆ ಪ್ರತಿ ಬೆಳಗೂ ಅವರಿಬ್ಬರನ್ನು ಅಗಲಿಸುತ್ತಿತ್ತು, ಓದುಗರು ಆ ಅಗಲಿಕೆಗೆ ಎದೆಗಟ್ಟಿ ಮಾಡಿಕೊಂಡು ಕುಳಿತಿದ್ದರು. ನೀವು ಅದನ್ನು ಪುಕ್ಕಟೆಯಾಗಿ ತಪ್ಪಿಸಿಬಿಟ್ಟಿರಿ. ಭಾವದ ಹಿಡಿತ ಬಿಗಿಯಾಗಿದ್ದಾಗ ಓದುಗರು ನಿಯಮದ ಲೆಕ್ಕ ಹಾಕುವುದಿಲ್ಲ, ಅದು ಸಡಿಲಿದ ಕೂಡಲೇ ಹಾಕತೊಡಗುತ್ತಾರೆ.

ಹಾಗೆಂದು ಸಂಗತಿಗಳ ಬಗೆಗಿನ ಆಕ್ಷೇಪಗಳನ್ನೆಲ್ಲ ತಳ್ಳಿಹಾಕುವಂತಿಲ್ಲ. ಒಬ್ಬರು ನಿಮ್ಮ ನಾಯಕ ಗಾರ್ಗಾಯ್ಲೇ ಅಲ್ಲವೆಂದು ವಾದಿಸಿದ್ದಾರೆ. ವಾಸ್ತುಶಿಲ್ಪದ ಲೆಕ್ಕದಲ್ಲಿ ಅವರ ಮಾತು ಸರಿ. ಮಾಡಿನ ಮಳೆನೀರನ್ನು ಬಾಯಿಯ ಮೂಲಕ ಗೋಡೆಯಿಂದ ದೂರಕ್ಕೆ ಚೆಲ್ಲಿ, ಕಲ್ಲುಗಳ ನಡುವಿನ ಗಾರೆ ಕೊಚ್ಚಿಹೋಗದಂತೆ ಕಾಯುವುದು ಗಾರ್ಗಾಯ್ಲ್‌ನ ಕೆಲಸ. ನೀರು ಹರಿಯದ ಬರಿಯ ವಿಕಾರರೂಪಗಳನ್ನು ಕಟ್ಟಡ ಬಲ್ಲವರು ಬೇರೆಯಾಗಿಯೇ ಎಣಿಸುತ್ತಾರೆ. ಪ್ಯಾರಿಸ್ಸಿನ ನೋತ್ರ್ ದಾಮ್ ಕೆಥೀಡ್ರಲ್‌ನ ಮೇಲೆ ಕೆನ್ನೆಗೆ ಕೈಯಿಟ್ಟು ನಗರ ನೋಡುವ ಪ್ರಸಿದ್ಧ ಆಕೃತಿ ಅಂಥದ್ದೇ, ಮತ್ತು ಅದು ಮಧ್ಯಯುಗದ್ದೂ ಅಲ್ಲ, 19ನೆಯ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯೂಕ್ ನಡೆಸಿದ ಜೀರ್ಣೋದ್ಧಾರದಲ್ಲಿ ಬಂದದ್ದು. ಜನರ ಕಲ್ಪನೆಯಲ್ಲಿ ಇವೆಲ್ಲ ಎಂದೋ ಬೆರೆತುಹೋಗಿರುವುದರಿಂದ ನಿಮ್ಮ ಸ್ವಾತಂತ್ರ್ಯಕ್ಕೆ ಅಡ್ಡಿಯಿಲ್ಲ. ಆದರೆ ಹಳೆಯ ಕಲ್ಲನ್ನು ಸರಿಪಡಿಸುವುದೇ ವೃತ್ತಿಯಾದ ನಿಮ್ಮ ನಾಯಕಿಗೆ ಇದು ಗೊತ್ತಿರಬೇಡವೇ? ಅವಳ ಕಸುಬು ಬರಿಯ ವೇಷವಾಗಿ ಉಳಿದಿದೆ ಎಂಬುದೇ ಆ ಓದುಗರಿಗೆ ಚುಚ್ಚಿದ್ದು. ಊರಿನ ಮಳೆಯನ್ನೆಲ್ಲ ನುಂಗಿ ಗೋಡೆಯನ್ನು ಉಳಿಸುವ ಜೀವಿಯ ಗಂಟಲು ಹೇಗಿದ್ದೀತು, ದನಿ ಹೇಗಿದ್ದೀತು ಎಂದು ಅವಳು ಯೋಚಿಸಿದ್ದರೆ ನಿಮಗೆ ಒಂದು ಪ್ರೇಮದೃಶ್ಯವೇ ಸಿಗುತ್ತಿತ್ತು.

ಅತ್ಯಂತ ಗಂಭೀರವಾದ ಆಕ್ಷೇಪ ಕಿಟಕಿಯ ಪ್ರಸಂಗದ್ದು. ಅವನಿಗೆ ಜೀವವಿದೆಯೆಂದು ತಿಳಿಯದ ದಿನಗಳಲ್ಲಿ ಅವಳು ತನ್ನ ಕೋಣೆಯಲ್ಲಿ ನಿಶ್ಚಿಂತೆಯಿಂದ ಇರುವುದನ್ನು ಅವನು ಎದುರಿನ ಸೂರಿನಿಂದ ನೋಡುತ್ತಲೇ ಇದ್ದ. ಕೆಲವರಿಗೆ ಇದು ಆರಾಧನೆಯಾಗಿ ಕಂಡಿದೆ, ಕೆಲವರಿಗೆ ಹಿಂಸೆಯಾಗಿದೆ. ಇದನ್ನು ಅಭಿರುಚಿಯ ಭೇದವೆಂದು ಬದಿಗಿಡಬೇಡಿ. ಕಲ್ಲಾಗಿರುವಾಗ ಅವನು ಮುಖ ತಿರುಗಿಸಲಾರ, ಕಣ್ಣು ಮುಚ್ಚಲಾರ ಎಂಬ ಸಮರ್ಥನೆ ನಿಮ್ಮ ಕೈಯಲ್ಲಿದೆ, ನಿಜ. ಆದರೆ ಜೀವ ಬಂದ ಮೇಲೂ ಅವನು ಅದನ್ನು ಅವಳಿಗೆ ಹೇಳದೆ ಉಳಿದದ್ದು ಅವನದೇ ಆಯ್ಕೆ. ನೀವು ಅವಳಿಗೆ ವಿಷಯ ತಿಳಿಯಗೊಟ್ಟು, ಮರುಸಾಲಿನಲ್ಲೇ ಕ್ಷಮಿಸುವಂತೆ ಮಾಡಿದ್ದೀರಿ. ಅವಳ ಸಿಟ್ಟಿಗೆ ಪುಟಗಳೇ ಬೇಕಿದ್ದವು.

ಹೊಗಳಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಓದಿ, ಸಂತೋಷಪಡಿ. ನಿಷ್ಠುರವಾಗಿ ಬರೆದವರ ಬಗ್ಗೆ ಮಾತ್ರ ಒಂದು ಮಾತು. ಸುಮಾರು 1125ರಲ್ಲಿ ಕ್ಲೆರ್ವೋದ ಬರ್ನಾರ್ಡ್ ಎಂಬ ಸಂನ್ಯಾಸಿ, ಮಠದ ಪಡಸಾಲೆಗಳಲ್ಲಿ ಕೆತ್ತಿದ್ದ ವಿಕಾರ ಪ್ರಾಣಿಗಳನ್ನು ಖಂಡಿಸಿ ಬರೆದ. ಒಂದು ತಲೆಗೆ ಹಲವು ಒಡಲು, ಒಂದೇ ಒಡಲಿಗೆ ಹಲವು ತಲೆ ಎಂದು ಆತ ಬಿಡಿಬಿಡಿಯಾಗಿ ಬಣ್ಣಿಸುವುದನ್ನು ಓದಿದರೆ, ಮೆಚ್ಚಿದವರಿಗಿಂತ ಹೆಚ್ಚು ಹೊತ್ತು ಅವುಗಳ ಮುಂದೆ ನಿಂತಿದ್ದನೇನೋ ಎನಿಸುತ್ತದೆ. ನಿಮ್ಮ ಗಾರ್ಗಾಯ್ಲ್‌ನ ಮುರಿದ ರೆಕ್ಕೆ ಯಾವ ಕಡೆಯದೆಂಬುದು ಎರಡು ಅಧ್ಯಾಯಗಳಲ್ಲಿ ಬದಲಾಗಿರುವುದನ್ನು ಗುರುತಿಸಿ ಸಿಡುಕಿದವರೂ ಅಂಥ ಓದುಗರೇ. ಅವರೊಡನೆ ವಾದಕ್ಕೆ ಇಳಿಯಬೇಡಿ, ರೆಕ್ಕೆಯನ್ನು ತಿದ್ದಿ.

ಎರಡನೆಯ ಭಾಗ ಶುರುಮಾಡಿದ್ದೀರೆಂದು ಬರೆದಿದ್ದೀರಿ. ಕಿಟಕಿಯ ವಿಷಯವಾಗಿ ಅವರಿಬ್ಬರ ನಡುವೆ ಉಳಿದುಹೋದ ಜಗಳ ಅದರಲ್ಲಿ ಬರುವುದಾದರೆ, ಆ ಅಧ್ಯಾಯವನ್ನೇ ಮೊದಲು ಬರೆದು ನನಗೆ ಕಳಿಸಿ.

ನಿಮ್ಮ ಹಿತೈಷಿ