ಲೆಕ್ಕ ಬರೆಯಲು ಹೆದರುತ್ತಿರುವ ಮಗಳಿಗೆ

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಮನೆಯ ಸಮಾಚಾರವನ್ನು ನಿನ್ನ ಅಪ್ಪ ತಿಳಿಸಿಯೇ ಇರುತ್ತಾನೆ, ಮತ್ತೆ ಬರೆಯುವುದಿಲ್ಲ. ಪತ್ರದ ಕೊನೆಯಲ್ಲಿ ನೀನು ಬರೆದಿರುವ ಒಂದು ಮಾತು ನನಗೆ ನಿದ್ದೆ ಕೊಟ್ಟಿಲ್ಲ. ಸರ್ಕಾರಿ ಕಟ್ಟಡದೊಳಗೆ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ, ನಿರ್ಮಿಸುವ ಕಡತ ನಿನ್ನ ಮೇಜಿಗೆ ಬಂದಿದೆ, ಅಂದಾಜು ಪಟ್ಟಿಯಲ್ಲಿರುವ ಮೊತ್ತ ನಿಜವಾಗಿ ತಗಲುವ ಖರ್ಚಿನ ಅರ್ಧದಷ್ಟೂ ಇಲ್ಲ, ಆದರೆ ಅದನ್ನು ಷರಾದಲ್ಲಿ ಬರೆದರೆ 'ದೇವರಿಗೇ ಅಡ್ಡ ಬಂದವಳು ಎನ್ನುತ್ತಾರೆ ದೊಡ್ಡಪ್ಪ' ಎಂದಿದ್ದೀಯ. ಈ ಭಯ ನನಗೆ ಹೊಸದಲ್ಲ. ನಿನ್ನ ವಯಸ್ಸಿನಲ್ಲಿ ಅದಕ್ಕೆ ಬಗ್ಗಿ ನಾನು ಸಹಿ ಹಾಕಿದ್ದೇನೆ. ಅದನ್ನು ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಆಗ ನಾನೊಂದು ಸರ್ಕಾರಿ ಆಸ್ಪತ್ರೆಯ ಕಟ್ಟಡ ವಿಭಾಗದಲ್ಲಿದ್ದೆ. ನೆಲಮಹಡಿಯ ಒಂದು ಕೋಣೆಯನ್ನು ಪ್ರಾರ್ಥನೆಗೆ ಬಿಟ್ಟುಕೊಡಬೇಕೆಂಬ ಸೂಚನೆ ಮೇಲಿನಿಂದ ಬಾಯಿಮಾತಿನಲ್ಲಿ ಬಂದಿತು. ಪೂರ್ತಿ ಖರ್ಚನ್ನು ಒಂದೇ ಅಂದಾಜಿನಲ್ಲಿ ತೋರಿಸಿದ್ದರೆ ಮೇಲಿನ ಮಂಜೂರಾತಿ ಬೇಕಾಗುತ್ತಿತ್ತು, ಮಂಜೂರಾತಿ ಕೇಳಿದ್ದರೆ ಪ್ರಶ್ನೆಗಳು ಏಳುತ್ತಿದ್ದವು, ಪ್ರಶ್ನೆ ಎಬ್ಬಿಸಿದವನು ನಾನೆಂದು ಎಲ್ಲರೂ ಹೇಳುತ್ತಿದ್ದರು. ಆದ್ದರಿಂದ ಕಾಮಗಾರಿಯನ್ನು ಮೂರು ತುಂಡು ಮಾಡಿದೆ. ಮರಗೆಲಸ ಒಂದು ಕಡತದಲ್ಲಿ, ವಿದ್ಯುತ್ ಕೆಲಸ ಇನ್ನೊಂದರಲ್ಲಿ, ಸುಣ್ಣಬಣ್ಣ ಮತ್ತೊಂದರಲ್ಲಿ ಹೋಯಿತು. ಮೂರಕ್ಕೂ 'ಸಣ್ಣ ದುರಸ್ತಿ' ಎಂದು ಬರೆದೆ. ಆ ಎರಡು ಪದಗಳು ನನ್ನ ಕೈಬರಹದಲ್ಲಿ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ.

ಆ ಕೋಣೆ ರಾತ್ರಿ ಪಾಳಿಯ ಆಯಾಗಳು ಒಂದೆರಡು ಗಂಟೆ ಬೆನ್ನು ಚಾಚುತ್ತಿದ್ದ ಜಾಗವಾಗಿತ್ತು. ಬೆಂಚುಗಳ ವಾರ್ನಿಷ್ ಇನ್ನೂ ಆರಿರದ ದಿನ, ವಯಸ್ಸಾದ ಆಯಾ ಒಬ್ಬಳು ಸುತ್ತಿದ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕಾಲಿಡಬಹುದೋ ಬಾರದೋ ಎಂದು ಅವಳಿಗೆ ತಿಳಿಯಲಿಲ್ಲ. ನಾನು ಅಲ್ಲಿಯೇ ಇದ್ದೆ, ಏನೂ ಹೇಳಲಿಲ್ಲ. ಅವಳು ಚಾಪೆಯನ್ನು ಮೆಟ್ಟಿಲಿನ ಕೆಳಗಿನ ಕತ್ತಲ ಸಂದಿಗೆ ಕೊಂಡೊಯ್ದು ಹಾಸಿಕೊಂಡಳು. ನನ್ನ ಮೂರು ಕಡತಗಳ ಪೈಕಿ ಯಾವುದರಲ್ಲಿಯೂ ಆ ಖರ್ಚು ಇರಲಿಲ್ಲ. ವರ್ಷಗಳ ನಂತರ ಲೆಕ್ಕಪರಿಶೋಧಕರು ಕೇಳಿದಾಗ ಉತ್ತರ ಕೊಡಬೇಕಾಗಿ ಬಂದದ್ದು ನನ್ನ ಜಾಗಕ್ಕೆ ಬಂದಿದ್ದ ಕಿರಿಯ ಹುಡುಗನಿಗೆ. ನಾನು ಅಷ್ಟರಲ್ಲಿ ವರ್ಗವಾಗಿದ್ದೆ. ಅವನಿಗೊಂದು ಕಾಗದವನ್ನಾದರೂ ಬರೆಯಬಹುದಾಗಿತ್ತು, ಅದನ್ನೂ ಮಾಡಲಿಲ್ಲ.

ನಿನ್ನ ಭಯದ ವಿಷಯಕ್ಕೆ ಮರಳುತ್ತೇನೆ. ಖರ್ಚನ್ನು ಬರೆಯುವುದು ಪ್ರಾರ್ಥನೆಯನ್ನು ಬೇಡವೆಂದಂತೆ ಆಗುವುದಿಲ್ಲ ಎಂಬುದನ್ನು ನಾನು ತಡವಾಗಿ ಅರಿತೆ. ಫ್ರಾನ್ಸಿನ 1905ರ ಕಾನೂನನ್ನು ನೋಡು. ಸರ್ಕಾರ ಯಾವ ಮತಕ್ಕೂ ಹಣ ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ ಆ ಕಾನೂನೇ, ಶಾಲೆ, ಆಸ್ಪತ್ರೆ, ಸೆರೆಮನೆಗಳಂಥ ಸ್ಥಳಗಳಲ್ಲಿ ಧರ್ಮಬೋಧಕರ ಸೇವೆಗೆ ತಗಲುವ ವೆಚ್ಚವನ್ನು ಆಯವ್ಯಯದಲ್ಲಿ ಸೇರಿಸಬಹುದೆಂದು ಜಾಗ ಬಿಟ್ಟಿತು. ಹೊರಗೆ ಹೋಗಿ ಪ್ರಾರ್ಥಿಸಲಾಗದವನ ವಿಷಯ ಬೇರೆ ಎಂಬ ತಿಳಿವಳಿಕೆ ಅದರ ಹಿಂದಿದೆ ಎಂದು ನಾನು ಓದಿಕೊಳ್ಳುತ್ತೇನೆ. ನಿನ್ನ ಕಟ್ಟಡಕ್ಕೆ ಬರುವವರು ಸಂಜೆ ಮನೆಗೆ ಹೋಗಬಲ್ಲವರೋ, ಅಲ್ಲಿಯೇ ಉಳಿಯಬೇಕಾದವರೋ ಎಂಬುದು ನಿನ್ನ ಷರಾದ ಮೊದಲ ಸಾಲಿನಲ್ಲಿ ಬಂದರೆ ಒಳ್ಳೆಯದೇನೋ. ಇದು ನನ್ನ ಅನಿಸಿಕೆ ಮಾತ್ರ, ಅಲ್ಲಿನ ನಿಯಮ ನಿನಗೇ ಚೆನ್ನಾಗಿ ಗೊತ್ತು.

ಕಡಿಮೆ ಮೊತ್ತ ಬರೆದು ಪಾರಾಗುವುದು ಸಾಧ್ಯವಿಲ್ಲ ಎಂಬುದಕ್ಕೆ ನಾನು ಆಗಾಗ ನೆನೆಯುವ ಒಂದು ಕಟ್ಟಡವಿದೆ. ಅಮೆರಿಕದ ಕೊಲೊರಾಡೊದಲ್ಲಿ ವಾಯುಪಡೆ ಅಕಾಡೆಮಿಯ ಚಾಪೆಲ್ 17 ಚೂಪು ಗೋಪುರಗಳೊಂದಿಗೆ 1962ರಲ್ಲಿ ಮುಗಿಯಿತು, ಸುಮಾರು 35 ಲಕ್ಷ ಡಾಲರ್ ತಗಲಿತು. ಅದು ಪ್ರತ್ಯೇಕವಾಗಿ ನಿಂತ ಕಟ್ಟಡ ಎಂಬುದು ನಿಜ, ಆದರೂ ಪಾಠ ಅದೇ. ಸಂದುಗಳಿಂದ ಮಳೆನೀರು ಒಳಗಿಳಿಯದಂತೆ ತಡೆಯುವ ಲೋಹದ ಪಟ್ಟಿಗಳನ್ನು ವಿನ್ಯಾಸಕಾರರು ಸೂಚಿಸಿದ್ದರು. ಹಣ ಉಳಿಸಲು ಅವುಗಳನ್ನು ಕೈಬಿಟ್ಟು ಸಂದುಗಳಿಗೆ ಸೀಲೆಂಟ್ ಎಂಬ ಅಂಟು ಮೆತ್ತಿದರು. ಕಟ್ಟಡ ಮೊದಲಿನಿಂದಲೇ ಸೋರಿತು. ಕೊನೆಗೆ 2019ರಲ್ಲಿ ಅದನ್ನು ಮುಚ್ಚಿ ದುರಸ್ತಿಗೆ ತೊಡಗಿದಾಗ ಹಾಕಿಕೊಂಡ ಅಂದಾಜೇ 15.8 ಕೋಟಿ ಡಾಲರ್, ಕೆಲಸದ ನಡುವೆ ಆರೋಗ್ಯಕ್ಕೆ ಕೆಡುಕಾದ ಕಲ್ನಾರು (ಆಸ್ಬೆಸ್ಟಾಸ್) ಸಿಕ್ಕಿ ಅದೂ ಏರಿತು. ಆ ಪಟ್ಟಿಗಳನ್ನು ಬಿಡಬೇಡಿ ಎಂದು ಅಂದು ಒಬ್ಬ ಎಂಜಿನಿಯರ್ ಹಟ ಹಿಡಿದಿದ್ದರೆ ಅವನು ದೇವರ ವಿರೋಧಿಯಾಗುತ್ತಿದ್ದನೇ, ನೀನೇ ಹೇಳು.

ಯಾರೋ ದಾನ ಕೊಡುತ್ತಾರೆ, ಸರ್ಕಾರಕ್ಕೆ ಹೊರೆಯಿಲ್ಲ ಎಂದೂ ನಿನ್ನ ಮುಂದೆ ಹೇಳಬಹುದು. ಅದು ಆಗದ ಮಾತಲ್ಲ. ವಿಶ್ವಸಂಸ್ಥೆಯ ಧ್ಯಾನಕೊಠಡಿಗೆ ಕ್ರೈಸ್ತರು, ಯಹೂದಿಗಳು, ಮುಸ್ಲಿಮರು ಕೂಡಿದ್ದ ಒಂದು ಗುಂಪು ಹಣ ಒದಗಿಸಿತ್ತು. ಅದರ ಆಗಿನ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ಅವರು 1957ರಲ್ಲಿ ಅದನ್ನು ಈಗಿನ ರೂಪಕ್ಕೆ ತಂದಾಗ ನಡುವೆ ಯಾವ ಮತದ ಚಿಹ್ನೆಯನ್ನೂ ಇಡದೆ, ಆರೂವರೆ ಟನ್ ತೂಕದ ಕಬ್ಬಿಣದ ಅದಿರಿನ ಬಂಡೆಯೊಂದನ್ನು ಇರಿಸಿದರು. ಒಂದೇ ಕೋಣೆ ಎಲ್ಲರಿಗೂ ಆಯಿತು. ಆದರೆ ದಾನಿಯ ಹಣ ಬಾಗಿಲು ತೆರೆಯುವ ದಿನಕ್ಕೆ ಮುಗಿಯುತ್ತದೆ, ದೀಪ, ಗಾಳಿ, ಗುಡಿಸುವವರ ಸಂಬಳ ಆ ದಿನದಿಂದ ಶುರುವಾಗುತ್ತವೆ. ಹತ್ತು ವರ್ಷದ ನಿರ್ವಹಣೆಯನ್ನು ಬೇರೆ ಸಾಲಿನಲ್ಲಿ ತೋರಿಸಿದರೆ ತಪ್ಪಾಗಲಾರದು.

ಇನ್ನೂ ಒಂದೆರಡು ಮಾತು ಹೇಳಿಬಿಡುತ್ತೇನೆ, ಬೇಸರಪಡಬೇಡ. ಕಚೇರಿ ಕೋಣೆಯಲ್ಲಿ ಜನ ಒಟ್ಟಾಗಿ ಸೇರತೊಡಗಿದರೆ ಎರಡನೆಯ ಬಾಗಿಲು ಬೇಕಾಗಬಹುದು. ಮೇಣದ ಬತ್ತಿ ಹಚ್ಚುವುದಾದರೆ ಹೊಗೆ ಪತ್ತೆಮಾಡುವ ಉಪಕರಣವನ್ನು ಏನು ಮಾಡುತ್ತೀರಿ ಎಂದು ಮೊದಲೇ ಕೇಳು. ಬೆಂಕಿ ಸುರಕ್ಷತೆಯವರು ಕೊನೆಯಲ್ಲಿ ಬಂದು ಗೋಡೆ ಒಡೆಸಿದ್ದನ್ನು ನಾನು ನೋಡಿದ್ದೇನೆ. ಪಕ್ಕದ ಕಚೇರಿಯ ಸದ್ದು ಒಳಗೆ ಬರದಂತೆ ಗೋಡೆಯನ್ನು ಸೂರಿನವರೆಗೂ ಏರಿಸಬೇಕು, ಅಂದಾಜಿನಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಇದೇ. ಮತ್ತು ಈ ಕೋಣೆಯಲ್ಲಿ ಈಗ ಯಾರಿದ್ದಾರೆ, ಅವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ದಯವಿಟ್ಟು ಬರೆ. ಉಳಿದದ್ದನ್ನು ಬಿಟ್ಟರೂ ಇದನ್ನು ಬಿಡಬೇಡ.

ಷರಾ ಬರೆದರೆ ಯಾರೂ ಏನೂ ಅನ್ನುವುದಿಲ್ಲ ಎಂದು ನಿನಗೆ ಭರವಸೆ ಕೊಡಲಾರೆ. ಕೆಲವರು ಅನ್ನುತ್ತಾರೆ, ಊಟದ ಹೊತ್ತಿನಲ್ಲಿ ನಿನ್ನ ಪಕ್ಕದ ಕುರ್ಚಿ ಕೆಲವು ದಿನ ಖಾಲಿ ಇರಬಹುದು. ದಿನಬೆಳಗಾದರೆ ಕೈಮುಗಿಯುವವಳು ನೀನು, ನಿನ್ನ ಬಗ್ಗೆಯೇ ಆ ಮಾತು ಬಂದರೆ ಎಷ್ಟು ನೋಯುತ್ತದೆಂದು ನಾನು ಬಲ್ಲೆ. ನಾನು ಆ ನೋವನ್ನು ತಪ್ಪಿಸಿಕೊಂಡೆ, ಆದರೆ ಮೆಟ್ಟಿಲಿನ ಕೆಳಗೆ ಹಾಸಿದ ಆ ಚಾಪೆ ಈ ವಯಸ್ಸಿನಲ್ಲಿಯೂ ಕಣ್ಣ ಮುಂದಿನಿಂದ ಹೋಗಿಲ್ಲ.

ಷರಾದ ಕರಡು ಸಿದ್ಧವಾದಾಗ ನನಗೊಂದು ಪ್ರತಿ ಕಳುಹಿಸು, ಅಂಕಿಗಳನ್ನು ಕೂಡಿ ನೋಡುವಷ್ಟು ಕಣ್ಣು ಇನ್ನೂ ಇದೆ. ಮೇಲಧಿಕಾರಿಗಳ ಮುಂದೆ ಕಡತ ಇಡುವ ದಿನವನ್ನು ಮೊದಲೇ ತಿಳಿಸು. ಆ ದಿನ ನಾನು ಎಲ್ಲಿಗೂ ಹೋಗದೆ ಫೋನಿನ ಬಳಿಯೇ ಇರುತ್ತೇನೆ.

ಇಂತು ನಿನ್ನ ಹಿತವನ್ನೇ ಬಯಸುವ
ದೊಡ್ಡಪ್ಪ