ಕಬಡ್ಡಿ ತೀರ್ಪುಗಾರರ ರಕ್ಷಣೆ ಅನುಮತಿ ಪತ್ರದ ಷರತ್ತಾಗಲಿ

ಮಾನ್ಯ ಸಂಪಾದಕರೇ,

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳ ಬ್ಯಾನರ್ ಊರೂರಲ್ಲೂ ಏಳುತ್ತವೆ. ಮೊದಲ ಬಹುಮಾನ ಎಷ್ಟು, ಟ್ರೋಫಿ ಯಾರ ಸ್ಮರಣಾರ್ಥ, ಊಟದ ವ್ಯವಸ್ಥೆ ಎಲ್ಲಿ, ಎಲ್ಲ ಬರೆದಿರುತ್ತದೆ. ತೀರ್ಪುಗಾರರನ್ನು ಕಾಯುವವರು ಯಾರು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಅಂಪೈರ್ ಮೇಲೆ ಕೈ ಮಾಡುವುದು, ಅವರ ಮನೆಯ ಹೆಣ್ಣುಮಕ್ಕಳ ಹೆಸರೆತ್ತಿ ಬೈಯುವುದು ಆಟದಲ್ಲಿ ಇದ್ದದ್ದೇ ಎಂಬಂತೆ ನಡೆದುಹೋಗುತ್ತಿದೆ. ಮೈಕಿಗೂ ಮೈದಾನಕ್ಕೂ ಆಯೋಜಕರು ಹೇಗೂ ಠಾಣೆಯ ಅನುಮತಿ ಕೇಳುತ್ತಾರೆ. ಆ ಅನುಮತಿ ಪತ್ರದಲ್ಲೇ ತೀರ್ಪುಗಾರರ ರಕ್ಷಣೆಯನ್ನು ಷರತ್ತಾಗಿ ಸೇರಿಸಬೇಕೆಂಬುದು ನಮ್ಮ ಒತ್ತಾಯ.

ಜಗಳ ಹುಟ್ಟುವ ಕ್ಷಣಗಳು ನಾಲ್ಕೈದೇ, ಎಲ್ಲ ಊರಲ್ಲೂ ಅವೇ. ಎದುರಾಳಿಯನ್ನು ಮುಟ್ಟುವ ಮೊದಲೇ ದಾಳಿಗಾರನ ಕಾಲು ಲಾಬಿಗೆ, ಅಂದರೆ ಅಂಕಣದ ಎರಡೂ ಪಕ್ಕದ ಪಟ್ಟಿಗೆ ಬಿದ್ದರೆ ಅವನು ಔಟ್. ಮುಟ್ಟಿದ ಮೇಲೆ ಅದೇ ಲಾಬಿ ಅಂಕಣದ ಭಾಗ. ಬೋನಸ್, ಅಂದರೆ ಹೆಚ್ಚುವರಿ ಒಂದು ಅಂಕ ಸಿಗಬೇಕಾದರೆ ಎದುರಾಳಿಗಳ ಕಡೆಯ ಬೋನಸ್ ಗೆರೆಯಾಚೆ ಒಂದು ಕಾಲು ಊರಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು, ಅಂಕಣದಲ್ಲಿ ಕನಿಷ್ಠ ಆರು ಜನ ಎದುರಾಳಿಗಳಿರಬೇಕು. ಐವರೇ ಇದ್ದಾಗ ಎಷ್ಟು ಚೆನ್ನಾಗಿ ಕಾಲಿಟ್ಟರೂ ಬೋನಸ್ ಇಲ್ಲ. ಇದು ಗೊತ್ತಿಲ್ಲದವರ ಕಣ್ಣಿಗೆ ಒಂದೇ ಥರದ ದಾಳಿಗೆ ಎರಡು ಥರದ ತೀರ್ಪು ಬಂದಂತೆ ಕಾಣುತ್ತದೆ. 'ದುಡ್ಡು ತಿಂದಿದ್ದಾನೆ' ಎಂಬ ಕೂಗು ಏಳುವುದು ಅಲ್ಲಿಂದಲೇ. ಪಂದ್ಯ ಶುರುವಾಗುವ ಮೊದಲು ವೀಕ್ಷಕ ವಿವರಣೆಗಾರರು ಈ ಎರಡು ನಿಯಮಗಳನ್ನು ಐದು ನಿಮಿಷ ಬಿಡಿಸಿ ಹೇಳಿದರೂ ಅರ್ಧ ಗಲಾಟೆ ತಪ್ಪುತ್ತದೆ. ಈಗ ಆಗುತ್ತಿರುವುದು ಉಲ್ಟಾ: ಮೈಕಿನಲ್ಲಿ 'ಅಯ್ಯೋ, ಅದು ಪಾಯಿಂಟ್ ಆಗಬೇಕಿತ್ತು' ಎಂಬ ಒಂದು ಮಾತು ಸಾವಿರ ಜನರನ್ನು ಎಬ್ಬಿಸುತ್ತದೆ. ತೀರ್ಪಿನ ಬಗ್ಗೆ ಮೈಕಿನಲ್ಲಿ ಅಭಿಪ್ರಾಯ ಹೇಳಬಾರದೆಂಬ ಕರಾರು ವಿವರಣೆಗಾರರಿಂದ ಮೊದಲೇ ಆಗಬೇಕು. ಪ್ರೇಕ್ಷಕರ ಮೊಬೈಲ್ ವಿಡಿಯೊ ನೋಡಿ ತೀರ್ಪು ಬದಲಿಸುವುದೂ ಬೇಡ. ಒಂದು ಮೊಬೈಲ್ ನೋಡಿದರೆ ಮುಂದಿನ ದಾಳಿಗೆ ಹತ್ತು ಮೊಬೈಲ್ ಅಂಕಣದೊಳಗೆ ಬರುತ್ತವೆ.

ಇನ್ನು ಮೈದಾನ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದರ ಅಂಚಿಗೇ ಹಗ್ಗ ಕಟ್ಟಿ ಜನರನ್ನು ಕೂರಿಸುತ್ತಾರೆ. ಅಂಪೈರ್ ನಿಲ್ಲುವುದು ಪಕ್ಕದ ಗೆರೆಯ ಹೊರಗೆ, ಜನರಿಗೆ ಬೆನ್ನು ಕೊಟ್ಟು. ಕೈ ಚಾಚಿದರೆ ಅಂಗಿ ಸಿಗುವಷ್ಟು ಹತ್ತಿರ. ಆದ್ದರಿಂದ ನಾಲ್ಕೂ ಕಡೆ ಕನಿಷ್ಠ 4 ಮೀಟರ್ ಖಾಲಿ ಬಿಟ್ಟು, ನೆಲದಲ್ಲಿ ಹುಗಿದ ಕಂಬಗಳಿಗೆ ಎದೆಮಟ್ಟದಲ್ಲೊಂದು, ಮೊಣಕಾಲ ಮಟ್ಟದಲ್ಲೊಂದು ಅಡ್ಡ ಬೊಂಬು ಬಿಗಿಯಬೇಕು. ಬರೀ ಹಗ್ಗ ಜನ ಒತ್ತಿದಾಗ ಮುಂದಕ್ಕೆ ಬಂದುಬಿಡುತ್ತದೆ. ಪ್ಲಾಸ್ಟಿಕ್ ಕುರ್ಚಿಗಳೇ ಮೊದಲು ಹಾರುವ ವಸ್ತು, ಹಾಗಾಗಿ ಮುಂದಿನ ಸಾಲುಗಳವರು ನೆಲದ ಮೇಲೆ ಕೂರಲಿ, ಹಿಂದಿನ ಕುರ್ಚಿಗಳನ್ನು ಸಾಲು ಸಾಲಾಗಿ ಒಂದಕ್ಕೊಂದು ಕಟ್ಟಿಹಾಕಲಿ. ನೀರನ್ನು ಬಾಟಲಿಯ ಬದಲು ಪೇಪರ್ ಲೋಟದಲ್ಲಿ ಕೊಡಬಹುದು. ಕರೆಂಟ್ ಹೋದ ಒಂದೆರಡು ನಿಮಿಷವೂ ಅಪಾಯದ ಹೊತ್ತೇ. ಜನರೇಟರ್ ಇದ್ದರೂ ಸ್ಕೋರರ್ ಮೇಜಿನ ಮೇಲೆ ಬ್ಯಾಟರಿಯ ದೀಪವೊಂದು ಸದಾ ಉರಿಯುತ್ತಿರಬೇಕು.

ಹೊತ್ತಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಪುರುಷರ ಪಂದ್ಯ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಟೈಮ್‌ಔಟ್, ಗಾಯ, ತಂಡ ಕರೆಯುವುದು ಸೇರಿದರೆ ಒಂದು ಗಂಟೆ. ನಾಕೌಟ್‌ನಲ್ಲಿ 16 ತಂಡವಿದ್ದರೆ 15 ಪಂದ್ಯ. ಸಂಜೆ 6ಕ್ಕೆ ಶುರು ಮಾಡಿದರೆ ಒಂದೇ ಮ್ಯಾಟ್‌ನಲ್ಲಿ ಫೈನಲ್ ಮುಗಿಯುವುದು ಮರುದಿನ ಬೆಳಿಗ್ಗೆ 9ಕ್ಕೆ! ಒಬ್ಬ ರೆಫ್ರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್ ಇರುವ ಒಂದೇ ಗುಂಪು ಇಡೀ ರಾತ್ರಿ ನಿಂತರೆ ನಸುಕಿನ ಹೊತ್ತಿಗೆ ಕಣ್ಣು ತಪ್ಪುತ್ತದೆ. ಪ್ರೇಕ್ಷಕರ ನಶೆ ಏರಿರುವುದೂ, ಬಾಜಿ ಕಟ್ಟಿದವರ ತಾಳ್ಮೆ ಮುಗಿಯುವುದೂ ಆಗಲೇ. ಒಂದು ರಾತ್ರಿಗೆ ಒಂದು ಮ್ಯಾಟ್‌ಗೆ ಎಂಟು ತಂಡ ಸಾಕು. ಹೆಚ್ಚು ತಂಡ ಬೇಕಿದ್ದರೆ ಎರಡು ದಿನ ನಡೆಸಲಿ, ಎರಡು ಗುಂಪು ತೀರ್ಪುಗಾರರನ್ನು ಕರೆಸಲಿ.

ಅಂಕಪಟ್ಟಿಯೂ ಹೊಡೆದಾಟಕ್ಕೆ ಕಾರಣವಾಗುತ್ತದೆ. ಬೋರ್ಡಿನಲ್ಲಿ ಒಂದು, ಶೀಟಿನಲ್ಲಿ ಇನ್ನೊಂದು ಇದ್ದು ಕೊನೆಯಲ್ಲಿ ಬೇರೆಯೇ ಫಲಿತಾಂಶ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಪ್ರತಿ 5 ನಿಮಿಷಕ್ಕೆ ಅಂಕ ಕೂಗಿ ಹೇಳಬೇಕು, ವಿರಾಮದಲ್ಲಿ ಇಬ್ಬರು ನಾಯಕರ ಸಹಿ ಪಡೆಯಬೇಕು.

ಅಶಿಸ್ತಿಗೆ ತೋರಿಸುವ ಹಸಿರು, ಹಳದಿ, ಕೆಂಪು ಕಾರ್ಡುಗಳು ಅಂಕಣದೊಳಗಿನವರಿಗೆ. ಹೊರಗಿನವರಿಗೆ ಏನೂ ಇಲ್ಲ. ಜರ್ಮನಿಯ ಹವ್ಯಾಸಿ ಫುಟ್‌ಬಾಲ್‌ನಲ್ಲಿ 2024ರಿಂದ ಒಂದು ಪದ್ಧತಿ ಇದೆ. ವಾತಾವರಣ ಬಿಸಿಯಾದರೆ ರೆಫ್ರಿ ಆಟ ನಿಲ್ಲಿಸಿ ಎರಡೂ ತಂಡಗಳನ್ನು ತಮ್ಮ ತಮ್ಮ ಪೆನಾಲ್ಟಿ ಆವರಣಕ್ಕೆ ಕಳಿಸುತ್ತಾರೆ, ನಾಯಕರು, ತರಬೇತುದಾರರ ಜೊತೆ ಮಾತಾಡುತ್ತಾರೆ. ಹೀಗೆ ಎರಡು ಸಲ ನಿಲ್ಲಿಸಬಹುದು, ಮೂರನೇ ಸಲಕ್ಕೆ ಪಂದ್ಯವೇ ರದ್ದು. ನಮ್ಮಲ್ಲೂ ಇದನ್ನು ಸ್ಥಳೀಯ ನಿಯಮವಾಗಿ ಮೊದಲೇ ಓದಿ ಹೇಳಬಹುದು.

ಅಷ್ಟಾಗಿಯೂ ಹೊಡೆತ ಬಿದ್ದರೆ ಆಟ ಅಲ್ಲಿಗೇ ನಿಲ್ಲಬೇಕು. ಆರೂ ಜನ ತೀರ್ಪುಗಾರರು ಸ್ಕೋರರ್ ಮೇಜಿನ ಬಳಿ ಸೇರಿ, ಸ್ಕೋರ್ ಶೀಟ್ ಎತ್ತಿಕೊಂಡು ಒಟ್ಟಿಗೇ ಹೊರಡಬೇಕು. ಒಬ್ಬೊಬ್ಬರಾಗಿ ಓಡಿದರೆ ಬೆನ್ನಟ್ಟುತ್ತಾರೆ. 112ಕ್ಕೆ ಕರೆ ಮಾಡಿ, ಅದೇ ರಾತ್ರಿ ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಕಾನೂನು ಪ್ರಕರಣಕ್ಕಾಗಿ ಗಾಯಗಳ ವೈದ್ಯಕೀಯ ದಾಖಲೆ) ಮಾಡಿಸಬೇಕು. ದೂರಿನಲ್ಲಿ 'ಹೊಡೆದರು' ಎಂದಷ್ಟೇ ಬರೆಯುವುದು ದೊಡ್ಡ ತಪ್ಪು. ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಮಿನ ಸಾಮಾನ್ಯ ಹಲ್ಲೆ ಅಸಂಜ್ಞೇಯ ಅಪರಾಧ, ನ್ಯಾಯಾಲಯದ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಗೇಟಿನಲ್ಲಿ ಅಡ್ಡಗಟ್ಟಿ ಹೋಗಲು ಬಿಡದಿದ್ದರೆ ಅದು 126(2)ನೇ ಕಲಮಿನಡಿ ಸಂಜ್ಞೇಯ, ಅಂದರೆ ಪೊಲೀಸರೇ ನೇರವಾಗಿ ತನಿಖೆ ಮಾಡಬಹುದಾದ ಅಪರಾಧ. ನಡೆದದ್ದನ್ನೆಲ್ಲ ಹೊತ್ತು, ಜಾಗ, ಸಾಕ್ಷಿಗಳ ಸಮೇತ ಬರೆದರೆ ಎಫ್‌ಐಆರ್‌ಗೆ ದಾರಿಯಾಗುತ್ತದೆ.

2023ರ ಡಿಸೆಂಬರ್ 11ರಂದು ಟರ್ಕಿಯಲ್ಲಿ ಫುಟ್‌ಬಾಲ್ ಕ್ಲಬ್ಬೊಂದರ ಅಧ್ಯಕ್ಷನೇ ಮೈದಾನಕ್ಕೆ ನುಗ್ಗಿ ರೆಫ್ರಿ ಹಲೀಲ್ ಉಮುತ್ ಮೆಲೆರ್ ಅವರ ಮುಖಕ್ಕೆ ಗುದ್ದಿದಾಗ ದೇಶದ ಎಲ್ಲ ಲೀಗ್‌ಗಳನ್ನೂ ನಿಲ್ಲಿಸಿದ್ದರು. ಆತನಿಗೆ ಶಾಶ್ವತ ನಿಷೇಧ, ಕ್ಲಬ್ಬಿಗೆ ತವರಿನ ಐದು ಪಂದ್ಯ ಪ್ರೇಕ್ಷಕರಿಲ್ಲದೆ ಆಡುವ ಶಿಕ್ಷೆ ಬಿತ್ತು. ನಮ್ಮಲ್ಲಿ ಗಲಾಟೆ ಮಾಡಿದ ತಂಡ ಮುಂದಿನ ವಾರ ಪಕ್ಕದ ತಾಲ್ಲೂಕಿನಲ್ಲಿ ಬೇರೆ ಹೆಸರಿಟ್ಟುಕೊಂಡು ಆಡುತ್ತದೆ. ತಂಡದ ಹೆಸರಿಗೆ ಹಾಕಿದ ನಿಷೇಧದಿಂದ ಪ್ರಯೋಜನವಿಲ್ಲ. ಪ್ರವೇಶ ಶುಲ್ಕದ ಜೊತೆ ಪ್ರತಿ ಆಟಗಾರನ ಫೋಟೊ, ಗುರುತಿನ ಚೀಟಿ ಪಡೆದು, ಜಿಲ್ಲೆಯ ಕಬಡ್ಡಿ ಸಂಸ್ಥೆಗಳು ನಿಷೇಧಿತರ ಪಟ್ಟಿಯನ್ನು ಪರಸ್ಪರ ಹಂಚಿಕೊಳ್ಳಬೇಕು. ತಂಡದಿಂದ 2,000 ರೂಪಾಯಿ ಠೇವಣಿ ಇಡಿಸಿ, ಬೆಂಬಲಿಗರು ಅಂಕಣಕ್ಕೆ ನುಗ್ಗಿದರೆ ಮುಟ್ಟುಗೋಲು ಹಾಕಿಕೊಳ್ಳಲಿ.

ತೀರ್ಪುಗಾರರ ಸಂಭಾವನೆಯನ್ನು ಸೆಮಿಫೈನಲ್‌ಗೆ ಮೊದಲೇ ಕೊಟ್ಟುಬಿಡಬೇಕು. ಫೈನಲ್ ಮುಗಿದ ಮೇಲೆ ದುಡ್ಡಿಗಾಗಿ ಕತ್ತಲಲ್ಲಿ ಕಾಯುವಾಗಲೇ ಹೆಚ್ಚು ಏಟು ಬೀಳುವುದು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಮಹಿಳಾ ತೀರ್ಪುಗಾರರಿದ್ದರೆ ಅವರಿಗೆ ಪ್ರತ್ಯೇಕ ಕೋಣೆ, ಪ್ರೇಕ್ಷಕರ ಗೇಟಿಗಿಂತ ಬೇರೆಯದೇ ದಾರಿಯಲ್ಲಿ ರಸ್ತೆಗೆ ಮುಖ ಮಾಡಿ ನಿಲ್ಲಿಸಿದ ವಾಹನ, ಇಷ್ಟನ್ನು ಅಂಕಣದ ನಕ್ಷೆಯಲ್ಲಿ ಗುರುತು ಮಾಡಿ ಅರ್ಜಿಯ ಜೊತೆ ಲಗತ್ತಿಸಿದ ಮೇಲಷ್ಟೇ ಠಾಣಾಧಿಕಾರಿಗಳು ಅನುಮತಿಗೆ ಸಹಿ ಹಾಕಲಿ.

– ಕೆಲವು ಕಬಡ್ಡಿ ತೀರ್ಪುಗಾರರು, ಮಂಡ್ಯ ಜಿಲ್ಲೆ